ವಿಜಯಪುರದ ನಗಾರಖಾನೆ ವಸ್ತುಸಂಗ್ರಹಾಲಯವನ್ನು ನೋಡುವ ಕ್ರಮ: ಸಮಗ್ರ ಮಾರ್ಗದರ್ಶಿ

ಗೋಳಗುಮ್ಮಟಕ್ಕೆ ಹೋಗಿಬಂದವರನ್ನು ಅದರ ಎದುರಿಗಿರುವ ನಗಾರಖಾನೆಯಲ್ಲಿ ಏನಿತ್ತೆಂದು ವಿಚಾರಿಸಿದರೆ ಸಾಮಾನ್ಯವಾಗಿ ಮೂರು ಉತ್ತರಗಳು ಬರುತ್ತವೆ. ಅಂದು ಶುಕ್ರವಾರವಾಗಿದ್ದರಿಂದ ಬೀಗ ಹಾಕಿತ್ತು ಎಂಬುದು ಮೊದಲನೆಯದು. ಗುಮ್ಮಟ ಹತ್ತಿ ಇಳಿಯುವಷ್ಟರಲ್ಲಿ ಐದು ಗಂಟೆಯಾಗಿತ್ತು ಎಂಬುದು ಎರಡನೆಯದು. ಒಳಗೆ ಹೋಗಿದ್ದೆವು, ಹಳೆಯ ಕಲ್ಲುಗಳೂ ಕತ್ತಿಗಳೂ ಇದ್ದವು, ಹತ್ತು ನಿಮಿಷದಲ್ಲಿ ಮುಗಿಯಿತು ಎಂಬುದು ಮೂರನೆಯದು. ಮೊದಲ ಎರಡು ತಪ್ಪುಗಳು ದಿನ ಮತ್ತು ವೇಳೆಗೆ ಸಂಬಂಧಿಸಿದವು, ಅವುಗಳನ್ನು ಸರಿಪಡಿಸುವುದು ಸುಲಭ. ಮೂರನೆಯದು ನೋಡುವ ಕ್ರಮದ ತಪ್ಪಾದುದರಿಂದ ಈ ಬರಹದ ಹೆಚ್ಚಿನ ಭಾಗ ಅದಕ್ಕೇ ಮೀಸಲಾಗಿದೆ.

ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅಧೀನದಲ್ಲಿರುವ ಈ ಸಂಗ್ರಹದಲ್ಲಿ ಆರು ಗ್ಯಾಲರಿಗಳಿವೆ, ಕೆಳಗೆ ಮೂರು ಮತ್ತು ಮೇಲೆ ಮೂರು. ಕೆಳಗಿನ ಅಂತಸ್ತು ಮುಖ್ಯವಾಗಿ ಕಲ್ಲಿನದು: ವೈದಿಕ ಮತ್ತು ಜೈನ ಶಿಲ್ಪಗಳು, ವೀರಗಲ್ಲುಗಳು, ಕನ್ನಡ, ಸಂಸ್ಕೃತ, ಅರಬ್ಬಿ ಹಾಗೂ ಪರ್ಷಿಯನ್ ಶಾಸನಗಳು. ಮೇಲಿನ ಅಂತಸ್ತಿನಲ್ಲಿ ಆದಿಲ್‌ಶಾಹಿ ಕಾಲದ ಆಯುಧಗಳು, ರತ್ನಗಂಬಳಿಗಳು, ಚೀನಾ ಪಿಂಗಾಣಿ, ಬಿದರಿ ಸಾಮಾನುಗಳು, ಹಸ್ತಪ್ರತಿಗಳು, ಚಿಕಣಿ ಚಿತ್ರಗಳು, ಸನದು ಮತ್ತು ಫರ್ಮಾನುಗಳೆಂಬ ರಾಜಾಜ್ಞೆಯ ಪತ್ರಗಳಿವೆ. ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಹೊರಟರೆ ಸಾಕು. ಉಳಿದ ಚರಿತ್ರೆಯನ್ನು ವಸ್ತುಗಳೇ ಹೇಳುವಂತೆ ನೋಡುವುದು ಹೇಗೆಂಬುದನ್ನು ಮುಂದೆ ವಿವರಿಸಲಾಗಿದೆ.

## ಹಂತ 1: ದಿನವನ್ನು ಮೊದಲು ನಿಗದಿಪಡಿಸಿ

ಗೋಳಗುಮ್ಮಟದ ಆವರಣ ವಾರದ ಎಲ್ಲ ದಿನವೂ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ತೆರೆದಿರುತ್ತದೆ, ಆದರೆ ಅದೇ ಆವರಣದೊಳಗಿರುವ ವಸ್ತುಸಂಗ್ರಹಾಲಯ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಮಾತ್ರ ತೆರೆದಿದ್ದು ಶುಕ್ರವಾರ ಪೂರ್ತಿ ಮುಚ್ಚಿರುತ್ತದೆ. ಗುಮ್ಮಟ ತೆರೆದಿದೆಯೆಂದ ಮೇಲೆ ಎಲ್ಲವೂ ತೆರೆದಿರುತ್ತದೆ ಎಂದು ಊಹಿಸಿ ರಾತ್ರಿ ರೈಲು ಹತ್ತಿ ಬರುವವರೇ ಈ ಬಾಗಿಲ ಮುಂದೆ ಹೆಚ್ಚಾಗಿ ಪೇಚಾಡುತ್ತಾರೆ. ದೂರದ ಊರಿನಿಂದ ಬರುವವರು ಪ್ರವಾಸದ ಉಳಿದ ಊರುಗಳನ್ನು ಆಮೇಲೆ ಜೋಡಿಸಿಕೊಳ್ಳಲಿ. ವಿಜಯಪುರದ ದಿನ ಶುಕ್ರವಾರವಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಋತುವಿನ ವಿಚಾರವೂ ಇದೆ. ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲಿನಲ್ಲಿ ಹನ್ನೊಂದು ಗಂಟೆಯ ನಂತರ ಕಲ್ಲಿನ ಅಂಗಳ ದಾಟುವುದೇ ಕಷ್ಟ. ಹವೆ ಹಿತವಾಗಿರುವ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ, ಮಕ್ಕಳ ಸಾಲು ಗ್ಯಾಲರಿಯೊಳಗೆ ಹೊಕ್ಕಾಗ ಕಲ್ಲಿನ ಮುಂದೆ ನಿಲ್ಲಲು ಜಾಗವಿರುವುದಿಲ್ಲ. ಎರಡರ ನಡುವೆ ಆರಿಸಿಕೊಳ್ಳುವುದಾದರೆ ಮಳೆ ಹಿಂದೆ ಸರಿದ ಮೇಲಿನ ವಾರಗಳಲ್ಲಿ, ವಾರದ ನಡುವಿನ ಒಂದು ದಿನ ಬರುವುದು ಮೇಲು.

## ಹಂತ 2: ಜೊತೆಗೆ ಒಯ್ಯಬೇಕಾದ ಸಾಮಾನು

ಸಣ್ಣದೊಂದು ಟಿಪ್ಪಣಿ ಪುಸ್ತಕ ಮತ್ತು ಪೆನ್ಸಿಲ್ ಇರಲಿ. ಶಾಯಿಯ ಪೆನ್ನನ್ನು ಹಸ್ತಪ್ರತಿಗಳ ಬಳಿ ಹೊರಗೆ ತೆಗೆಯದಿರುವುದು ಎಲ್ಲ ಸಂಗ್ರಹಾಲಯಗಳಲ್ಲಿಯೂ ಒಳ್ಳೆಯ ರೂಢಿ. ಓದುವ ಕನ್ನಡಕವಿದ್ದವರು ಅದನ್ನು ಮರೆಯಬಾರದು, ಏಕೆಂದರೆ ಬಿದರಿ ಕೆಲಸವಾಗಲಿ ಚಿಕಣಿ ಚಿತ್ರವಾಗಲಿ ಒಂದಡಿ ದೂರದಿಂದ ನೋಡಬೇಕಾದವು. ಫೋನಿನಲ್ಲಿರುವ ಭೂತಗನ್ನಡಿಯ ಸೌಲಭ್ಯವನ್ನು ಮನೆಯಲ್ಲಿಯೇ ಒಮ್ಮೆ ಬಳಸಿ ಕಲಿತುಕೊಂಡಿದ್ದರೆ ಗಾಜಿನ ಪೆಟ್ಟಿಗೆಯ ಮುಂದೆ ತಡಕಾಡುವುದು ತಪ್ಪುತ್ತದೆ.

ಚಿಲ್ಲರೆ ಹಣ ಇಟ್ಟುಕೊಳ್ಳಿ. ಆವರಣಕ್ಕೂ ವಸ್ತುಸಂಗ್ರಹಾಲಯಕ್ಕೂ ಬೇರೆ ಬೇರೆ ಟಿಕೆಟ್ ಪಡೆಯಬೇಕು, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಸಂಗ್ರಹಾಲಯದ ಟಿಕೆಟ್ಟಿನ ಬೆಲೆ ತೀರಾ ಅಲ್ಪ. ಆದರೂ ಗುಮ್ಮಟದ ಟಿಕೆಟ್ಟೇ ಸಾಕೆಂದುಕೊಂಡು ಬಾಗಿಲವರೆಗೆ ಬಂದವರು ಮತ್ತೆ ಕೌಂಟರಿಗೆ ನಡೆಯಲು ಬೇಸರಪಟ್ಟು ವಾಪಸಾಗುವುದುಂಟು. ಸುಲಭವಾಗಿ ಕಳಚಿ ತೊಡಬಹುದಾದ ಪಾದರಕ್ಷೆ ಉತ್ತಮ, ದಿನದ ಕೊನೆಗೆ ನೀವು ಹೋಗುವ ಇತರ ಕಟ್ಟಡಗಳಲ್ಲಿ ಅದರಿಂದ ಅನುಕೂಲವಾಗುತ್ತದೆ. ಫೋಟೋ ತೆಗೆಯುವ ನಿಯಮವನ್ನು ಬಾಗಿಲಲ್ಲಿರುವ ಫಲಕದಲ್ಲಿ ಓದಿ, ಅನುಮಾನವಿದ್ದರೆ ಸಿಬ್ಬಂದಿಯನ್ನು ಕೇಳಿ. ಅನುಮತಿ ಇದ್ದಾಗಲೂ ಫ್ಲ್ಯಾಶ್ ಹಾಗೂ ಟ್ರೈಪಾಡ್ ಬೇಡ.

## ಹಂತ 3: ಗುಮ್ಮಟ ಮೊದಲೋ, ಸಂಗ್ರಹಾಲಯ ಮೊದಲೋ

ಹೆಚ್ಚಿನವರು ಒಂಬತ್ತೂವರೆ ಹತ್ತಕ್ಕೆ ಬಂದು ನೇರವಾಗಿ ಗುಮ್ಮಟದ ಕಡೆ ನಡೆದು, ಮೂಲೆಯ ಗೋಪುರದ ಕಡಿದಾದ ಮೆಟ್ಟಿಲುಗಳನ್ನು ಏಳು ಅಂತಸ್ತು ಹತ್ತಿ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಇನ್ನೊಬ್ಬರ ಕೂಗಾಟ ಕೇಳಿ, ಮೊಣಕಾಲು ನಡುಗುತ್ತ ಇಳಿದು ಬಂದ ನಂತರ ನಗಾರಖಾನೆಯ ಕಡೆ ನೋಡುತ್ತಾರೆ. ದಣಿದ ಕಾಲುಗಳಿಂದ ಶಾಸನ ನೋಡುವುದು ಆಗದ ಮಾತು.

ಸರಿಯಾದ ಕ್ರಮ ಹೀಗಿದೆ. ಆರೂವರೆಗೆಲ್ಲ ಆವರಣದೊಳಗಿದ್ದು, ಜನ ಸೇರುವ ಮುನ್ನ ಗುಮ್ಮಟ ಹತ್ತಿಬಿಡಬೇಕು. ಪಿಸುಮಾತು ಎದುರು ಗೋಡೆಗೆ ತಲುಪುವುದು ಆ ಹೊತ್ತಿನ ನಿಶ್ಶಬ್ದದಲ್ಲಿ ಮಾತ್ರ. ಎಂಟರ ಹೊತ್ತಿಗೆ ಇಳಿದು ಉದ್ಯಾನದ ನೆರಳಿನಲ್ಲಿ ಕುಳಿತು, ನೀರು ಕುಡಿದು ದಣಿವಾರಿಸಿಕೊಂಡು ಒಂಬತ್ತಕ್ಕೆ ಸಂಗ್ರಹಾಲಯದ ಬಾಗಿಲು ತೆರೆಯುವಾಗ ಅಲ್ಲಿರಬೇಕು. ತಿಂಡಿಗೆಂದು ಆವರಣದಿಂದ ಹೊರಗೆ ಹೋಗುವವರು, ಅದೇ ಟಿಕೆಟ್ಟಿನ ಮೇಲೆ ಮತ್ತೆ ಒಳಗೆ ಬಿಡುತ್ತಾರೆಯೇ ಎಂಬುದನ್ನು ಗೇಟಿನಲ್ಲಿ ಮೊದಲೇ ಕೇಳಿಕೊಳ್ಳಲಿ.

ಮೊಣಕಾಲು ನೋವಿರುವವರು, ವಯಸ್ಸಾದವರು ಮತ್ತು ಚಿಕ್ಕ ಮಕ್ಕಳನ್ನು ಕರೆತಂದವರು ಗುಮ್ಮಟ ಹತ್ತುವುದನ್ನು ಬಿಟ್ಟು ಕೆಳಗಿನಿಂದಲೇ ನೋಡಿ ಒಂಬತ್ತಕ್ಕೆ ಇತ್ತ ಬರಬಹುದು. ಇಲ್ಲಿಯೂ ಮೇಲಿನ ಅಂತಸ್ತಿಗೆ ಮೆಟ್ಟಿಲು ಹತ್ತಲೇಬೇಕು ಎಂಬುದು ನೆನಪಿರಲಿ.

## ಹಂತ 4: ಒಳಗೆ ಹೋಗುವ ಮುನ್ನ ಕಟ್ಟಡವನ್ನು ನೋಡಿ

ನಗಾರಿ ಬಾರಿಸುವವರಿಗಾಗಿ ಗೋರಿಯ, ಅಂದರೆ ಗೋಳಗುಮ್ಮಟದ ದಕ್ಷಿಣಕ್ಕೆ, ಅಂದರೆ ಮುಖ್ಯ ಪ್ರವೇಶದ ದಾರಿಯಲ್ಲಿಯೇ ಕಟ್ಟಿದ ಕಟ್ಟಡವಿದು. ಇದರ ಮೇಲ್ಭಾಗ ಪೂರ್ತಿಯಾಗದೆ ನಿಂತಿರುವುದನ್ನು ದೂರದಿಂದಲೇ ಗಮನಿಸಿ. ಆ ಬಳಿಕ ಹತ್ತಿರ ಬಂದು ಕಮಾನಿನ ಕಲ್ಲುಗಳು ಒಂದಕ್ಕೊಂದು ಹೇಗೆ ಕೂಡಿವೆ, ಗಾರೆ ಎಲ್ಲಿ ಉಳಿದಿದೆ, ಎಲ್ಲಿ ಉದುರಿ ಕಪ್ಪು ಕಲ್ಲು ಬಯಲಾಗಿದೆ ಎಂಬುದನ್ನು ನೋಡಬೇಕು. ಈ ಭಾಗದಲ್ಲಿ ಸಿಗುವ ಕಪ್ಪು ಬಸಾಲ್ಟ್ ಕಲ್ಲು ಗಡುಸು, ಸೂಕ್ಷ್ಮ ಕೆತ್ತನೆಗೆ ಬೇಗ ಬಗ್ಗುವಂಥದಲ್ಲ. ಒಳಗೆ ನೀವು ನೋಡುವ ಶಿಲ್ಪಗಳ ಪೈಕಿ ಯಾವುದರ ಕೆತ್ತನೆ ನಯವಾಗಿದೆ, ಯಾವುದು ಒರಟಾಗಿದೆ ಎಂಬುದಕ್ಕೆ ಶಿಲ್ಪಿಯ ಕೈಚಳಕದಷ್ಟೇ ಕಲ್ಲಿನ ಜಾತಿಯೂ ಕಾರಣವಾಗಿರುತ್ತದೆ.

ಎದುರಿಗಿರುವ ಫಿರಂಗಿಗಳ ಮೇಲೆ ಮಕ್ಕಳನ್ನು ಕೂರಿಸಿ ಫೋಟೋ ತೆಗೆಯುವ ಚಾಳಿಯನ್ನು ದಯವಿಟ್ಟು ಕೈಬಿಡಿ. ಫಿರಂಗಿಯೂ ಸಂಗ್ರಹದ ವಸ್ತುವೇ.

## ಹಂತ 5: ಕೆಳ ಅಂತಸ್ತಿನಲ್ಲಿ ಶಿಲ್ಪಗಳನ್ನು ನೋಡುವ ಬಗೆ

ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಫಲಕದಿಂದ ಆರಂಭಿಸುವುದು. ಫಲಕದಲ್ಲಿ ವಿಷ್ಣು, ಹನ್ನೊಂದನೆಯ ಶತಮಾನ ಎಂದಿದ್ದರೆ ಕಣ್ಣು ಅಷ್ಟಕ್ಕೇ ತೃಪ್ತಿಪಟ್ಟು ಮುಂದಿನ ಫಲಕಕ್ಕೆ ಹಾರುತ್ತದೆ. ಬದಲಾಗಿ ಮೊದಲು ಶಿಲ್ಪವನ್ನು ಒಂದು ನಿಮಿಷವಾದರೂ ನೋಡಿ, ಯಾರ ಶಿಲ್ಪವಿರಬಹುದೆಂದು ತೀರ್ಮಾನಿಸಿ, ಆಮೇಲೆ ಫಲಕದೊಂದಿಗೆ ತಾಳೆ ನೋಡಬೇಕು.

ತೀರ್ಮಾನಿಸುವ ಕ್ರಮ ಕೆಳಗಿನಿಂದ ಮೇಲಕ್ಕೆ ಸಾಗಲಿ. ಪೀಠದಲ್ಲಿ ವಾಹನವಿದೆಯೇ ನೋಡಿ: ಗರುಡನಿದ್ದರೆ ವಿಷ್ಣು, ನಂದಿಯಿದ್ದರೆ ಶಿವ ಅಥವಾ ಅವನ ಪರಿವಾರ, ಏಳು ಕುದುರೆಗಳಿದ್ದರೆ ಸೂರ್ಯ. ನಂತರ ಕೈಗಳು. ಮುಂಗೈ ಮುರಿದಿದ್ದರೂ ಶಂಖವೋ ಚಕ್ರವೋ ತಲೆಯ ಪಕ್ಕದ ಪ್ರಭಾವಳಿಗೆ ಅಂಟಿಕೊಂಡು ಉಳಿದಿರುವುದುಂಟು. ಮುರಿದ ಜಾಗದ ಅಕ್ಕಪಕ್ಕವನ್ನು ಹುಡುಕದೆ ಮುಂದೆ ಹೋಗಬೇಡಿ. ವಿಷ್ಣುವಿನ ನಾಲ್ಕು ಕೈಗಳಲ್ಲಿ ಶಂಖ, ಚಕ್ರ, ಗದೆ, ಪದ್ಮಗಳು ಯಾವ ಸರದಿಯಲ್ಲಿವೆ ಎಂಬುದರ ಮೇಲೆ ಕೇಶವನೋ ನಾರಾಯಣನೋ ಜನಾರ್ದನನೋ ಎಂಬುದು ನಿರ್ಧಾರವಾಗುತ್ತದೆ, ಇಂಥ ಇಪ್ಪತ್ನಾಲ್ಕು ರೂಪಗಳಿವೆ. ಸರದಿಯನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡರೆ ಹೆಸರನ್ನು ಸಂಜೆ ಹುಡುಕಬಹುದು.

ಜೈನ ಶಿಲ್ಪಗಳನ್ನು ಬುದ್ಧನೆಂದು ತಿಳಿಯುವುದು ಇನ್ನೊಂದು ಸಾಮಾನ್ಯ ತಪ್ಪು. ತಲೆಯ ಮೇಲೆ ಮುಕ್ಕೊಡೆ ಇದ್ದರೆ ಅನುಮಾನವೇ ಬೇಡ, ಅದು ತೀರ್ಥಂಕರನ ಶಿಲ್ಪ. ಏಳು ಹೆಡೆಯ ಸರ್ಪ ಹಿಂದೆ ನಿಂತಿದ್ದರೆ ಪಾರ್ಶ್ವನಾಥ, ಐದು ಹೆಡೆಯಿದ್ದರೆ ಸುಪಾರ್ಶ್ವನಾಥ. ಹೆಡೆಗಳು ಮುರಿದಿರುವ ಕಡೆ ಸರ್ಪದ ಸುರುಳಿಗಳು ಬೆನ್ನ ಹಿಂದೆ ಅಂಚಿನವರೆಗೂ ಇಳಿದಿರುವುದನ್ನು ಪಕ್ಕದಿಂದ ಬಾಗಿ ನೋಡಿದರೆ ಗೊತ್ತಾಗುತ್ತದೆ. ಸರ್ಪವಿಲ್ಲದಿದ್ದರೆ ಪೀಠದ ಲಾಂಛನ ನೋಡಬೇಕು; ಸಿಂಹವಿದ್ದರೆ ಮಹಾವೀರ, ಎತ್ತಿದ್ದರೆ ವೃಷಭನಾಥ. ಲಾಂಛನ ಸವೆದಿದ್ದರೆ ತೀರ್ಥಂಕರ ಎಂದಷ್ಟೇ ಬರೆದುಕೊಳ್ಳುವುದು ಪ್ರಾಮಾಣಿಕತೆ.

## ಹಂತ 6: ವೀರಗಲ್ಲಿಗೆ ಹೆಚ್ಚು ಸಮಯ ಕೊಡಿ

ಇಡೀ ಕೆಳ ಅಂತಸ್ತಿನಲ್ಲಿ ಒಂದೇ ವಸ್ತುವಿನ ಮುಂದೆ ನಿಲ್ಲಲು ಸಮಯವಿದೆ ಎನ್ನುವವರಿಗೆ ನಾನು ವೀರಗಲ್ಲನ್ನೇ ಸೂಚಿಸುತ್ತೇನೆ. ದೇವರ ಮೂರ್ತಿಗಳು ಶಾಸ್ತ್ರದ ಅಳತೆಗೆ ಬದ್ಧವಾಗಿರುತ್ತವೆ. ವೀರಗಲ್ಲಿನಲ್ಲಿಯಾದರೋ ಒಂದು ಊರಿನ ಒಂದು ದಿನದ ಸಂಗತಿ ಇದೆ.

ಇದನ್ನು ಓದುವುದು ಕೆಳಗಿನ ಪಟ್ಟಿಕೆಯಿಂದ. ಅಲ್ಲಿ ಕಾಳಗ ನಡೆಯುತ್ತದೆ: ವೀರ ಕತ್ತಿ ಗುರಾಣಿ ಹಿಡಿದಿದ್ದಾನೋ ಬಿಲ್ಲು ಹಿಡಿದಿದ್ದಾನೋ, ಎದುರಾಳಿ ಕುದುರೆಯ ಮೇಲಿದ್ದಾನೋ ಕಾಲಾಳೋ ನೋಡಿ. ಮೂಲೆಯಲ್ಲಿ ದನಗಳ ಸಾಲು ಕಂಡರೆ ಅದು ತುರುಗೋಳಿನ ಕಾಳಗ, ಕಳ್ಳರು ಹೊಡೆದುಕೊಂಡು ಹೊರಟ ಊರ ದನಗಳನ್ನು ಬಿಡಿಸಲು ಹೋಗಿ ಮಡಿದವನ ಕಲ್ಲು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಎರಡೂ ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ವೀರ ಲಿಂಗದ ಎದುರು ಕೈಮುಗಿದು ಕುಳಿತಿರುತ್ತಾನೆ, ಪಕ್ಕದಲ್ಲಿ ಪೂಜಾರಿ ಇರುತ್ತಾನೆ. ಲಿಂಗದ ಬದಲು ಜಿನಬಿಂಬವಿದ್ದರೆ ವೀರ ಜೈನನೆಂದು ತಿಳಿಯಬೇಕು. ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಯಲ್ಲಿ ಅಕ್ಷರಗಳಿದ್ದರೆ ಅವು ಹೆಸರು, ಊರು, ಕಾಲ ಹೇಳುವ ಸಾಲುಗಳು.

ಮೊಣಕೈ ಮಡಚಿ ಮೇಲೆತ್ತಿದ ಒಂದು ತೋಳು, ಅದರ ತುಂಬ ಬಳೆ, ಕಂಬದಿಂದ ಹೊರಚಾಚಿದಂತೆ ಕೆತ್ತಿದ್ದು ಕಂಡರೆ ಅದು ಮಾಸ್ತಿಕಲ್ಲು. ಗಂಡನ ಚಿತೆಯೇರಿದವಳ ನೆನಪಿಗೆ ನಿಲ್ಲಿಸಿದ್ದು. ವೀರಗಲ್ಲಿನೊಳಗೇ ಈ ತೋಳು ಸೇರಿಕೊಂಡಿರುವುದೂ ಉಂಟು. ಅಂಥ ಕಲ್ಲಿನ ಮುಂದೆ ನಿಂತು ಶೌರ್ಯವನ್ನು ಮಾತ್ರ ಕೊಂಡಾಡುವುದು ನನಗೆ ಸರಿಯೆನಿಸುವುದಿಲ್ಲ.

## ಹಂತ 7: ಶಾಸನವನ್ನು ಓದಲು ಬಾರದಿದ್ದರೂ ಓದುವ ದಾರಿ

ಹಳಗನ್ನಡ ಲಿಪಿ ಬಾರದು, ಅರಬ್ಬಿ ಬಾರದು ಎಂದು ಶಾಸನಗಳ ಸಾಲನ್ನು ದಾಟಿ ಹೋಗುವವರೇ ಹೆಚ್ಚು. ಪೂರ್ತಿ ಓದದೆಯೂ ಶಾಸನದಿಂದ ನಾಲ್ಕೈದು ಸಂಗತಿ ತಿಳಿಯಬಹುದು.

ಕನ್ನಡ ಶಾಸನದ ತಲೆಭಾಗವನ್ನು ಮೊದಲು ನೋಡಿ. ಸೂರ್ಯ ಚಂದ್ರರಿದ್ದರೆ, ಅವರಿರುವವರೆಗೂ ಈ ದಾನ ನಡೆಯಲಿ ಎಂದರ್ಥ. ನಡುವೆ ಲಿಂಗ, ಪಕ್ಕದಲ್ಲಿ ಹಸು ಕರು, ಮತ್ತೊಂದು ಪಕ್ಕದಲ್ಲಿ ನಂದಿಯಿದ್ದರೆ ಶೈವ ದೇವಾಲಯಕ್ಕೆ ಬಿಟ್ಟ ದತ್ತಿ. ಮೊದಲ ಸಾಲಿನಲ್ಲಿ ‘ನಮಸ್ತುಂಗ ಶಿರಶ್ಚುಂಬಿ’ ಎಂದು ಬಂದರೆ ಶೈವ ಶಾಸನ, ‘ಶ್ರೀಮತ್ಪರಮಗಂಭೀರ’ ಎಂದು ಬಂದರೆ ಜೈನ ಶಾಸನ. ‘ಸಮಸ್ತಭುವನಾಶ್ರಯ’ ಎಂದು ಆರಂಭವಾಗಿ ‘ಸತ್ಯಾಶ್ರಯಕುಳತಿಳಕ ಚಾಳುಕ್ಯಾಭರಣ’ ಎಂದು ಮುಂದುವರಿಯುವ ಬಿರುದಾವಳಿ ಕಲ್ಯಾಣದ ಚಾಲುಕ್ಯರದು. ಈ ಮೂರು ನಾಲ್ಕು ಪದಗುಚ್ಛಗಳನ್ನು ಮನೆಯಲ್ಲಿಯೇ ಬರೆದುಕೊಂಡು ಹೋದರೆ, ಇಂದಿನ ಕನ್ನಡ ಬಲ್ಲವರು ಹನ್ನೆರಡನೆಯ ಶತಮಾನದ ಲಿಪಿಯಲ್ಲಿ ಕೆಲವು ಅಕ್ಷರಗಳನ್ನಾದರೂ ಗುರುತಿಸದೆ ಇರಲಾರರು. ಕೊನೆಯ ಸಾಲುಗಳಲ್ಲಿ ‘ಸ್ವದತ್ತಂ ಪರದತ್ತಂ ವಾ’ ಎಂಬ ಶಾಪಾಶಯದ ಶ್ಲೋಕವನ್ನು ಹುಡುಕಿ. ತಾನು ಕೊಟ್ಟದ್ದನ್ನಾಗಲಿ ಪರರು ಕೊಟ್ಟದ್ದನ್ನಾಗಲಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳವಾಗಿ ಹುಟ್ಟುತ್ತಾನೆ ಎನ್ನುವ ಈ ಎಚ್ಚರಿಕೆ ಅಂದಿನ ಭೂಗಳ್ಳರ ಹಾವಳಿ ಎಷ್ಟಿತ್ತೆಂಬುದಕ್ಕೆ ಒಳ್ಳೆಯ ಸಾಕ್ಷಿ.

ಅರಬ್ಬಿ ಮತ್ತು ಪರ್ಷಿಯನ್ ಶಾಸನಗಳ ಕೆಲಸವೇ ಬೇರೆ. ಕನ್ನಡ ಶಾಸನದಲ್ಲಿ ಅಕ್ಷರವನ್ನು ಕಲ್ಲಿನೊಳಕ್ಕೆ ಕೊರೆದಿರುತ್ತಾರೆ. ಇಲ್ಲಿ ಅಕ್ಷರವನ್ನು ಉಳಿಸಿಕೊಂಡು ಸುತ್ತಲಿನ ಕಲ್ಲನ್ನು ತೆಗೆದಿರುತ್ತಾರೆ, ಅಕ್ಷರ ಉಬ್ಬಿ ನಿಲ್ಲುತ್ತದೆ. ಮುಖವನ್ನು ಕಲ್ಲಿನ ಪಕ್ಕಕ್ಕೆ ತಂದು, ಬಾಗಿಲಿನ ಬೆಳಕು ಅಡ್ಡಲಾಗಿ ಬೀಳುವ ಕಡೆಯಿಂದ ನೋಡಿ: ಅಕ್ಷರದ ಮೇಲ್ಮೈ ನಯವಾಗಿರುತ್ತದೆ, ಹಿನ್ನೆಲೆಯಲ್ಲಿ ಉಳಿಯ ಏಟುಗಳು ಸಣ್ಣ ಗುಳಿಗಳಾಗಿ ಉಳಿದಿರುತ್ತವೆ. ನೆಟ್ಟಗಿನ ಗೆರೆಯಂತಿರುವ ಒಂದು ನೀಳ ಅಲಿಫ್ ಅಕ್ಷರ ಕೆಳಗಿನ ಸಾಲಿನಿಂದ ಮೇಲಿನ ಸಾಲಿನವರೆಗೆ ಏರಿದ್ದರೆ ಅದರ ಇಕ್ಕೆಲದ ಕಲ್ಲನ್ನು ಅಷ್ಟುದ್ದಕ್ಕೂ ಅಕ್ಷರದ ಅಂಚು ಸೀಳದಂತೆ ಇಳಿಸಬೇಕಾಗಿತ್ತು, ಅದೂ ಗಡುಸು ಬಸಾಲ್ಟಿನಲ್ಲಿ. ಇದು ಕಣ್ಣಿಗೆ ಬಿದ್ದ ಮೇಲೆ ಆ ಭಾಷೆ ಬಾರದಿರುವುದು ಅಷ್ಟು ದೊಡ್ಡ ಅಡ್ಡಿಯಾಗಿ ಉಳಿಯುವುದಿಲ್ಲ. ಓದುವಿಕೆ ಬಲದಿಂದ ಎಡಕ್ಕೆ ಸಾಗುತ್ತದೆ. ಒಂದೇ ಚೌಕಟ್ಟಿನಲ್ಲಿ ಪದಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು.

ಕಾಲ ತಿಳಿಯುವ ಲೆಕ್ಕವನ್ನು ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ. ಚಾಲುಕ್ಯ ವಿಕ್ರಮ ವರ್ಷವಿದ್ದರೆ 1075 ಕೂಡಿಸಬೇಕು, ಏಕೆಂದರೆ ಆರನೆಯ ವಿಕ್ರಮಾದಿತ್ಯ 1076ರಲ್ಲಿ ತನ್ನ ಹೆಸರಿನ ಹೊಸ ಗಣನೆಯನ್ನು ಆರಂಭಿಸಿದ. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಬೇಕು. ಹಿಜರಿಗೆ ನೇರವಾಗಿ 622 ಕೂಡಿಸಿಬಿಡುವುದು ಎಲ್ಲರೂ ಮಾಡುವ ತಪ್ಪು. ಚಾಂದ್ರಮಾನ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದಾದ್ದರಿಂದ ಸಾವಿರ ವರ್ಷ ಕಳೆಯುವಷ್ಟರಲ್ಲಿ ಮೂವತ್ತು ವರ್ಷದಷ್ಟು ವ್ಯತ್ಯಾಸ ಬಂದುಬಿಡುತ್ತದೆ. ಆದಿಲ್‌ಶಾಹಿ ಕಾಗದಪತ್ರಗಳಲ್ಲಿ ಶುಹೂರ್ ಸನ್ ಎಂಬ ಇನ್ನೊಂದು ಗಣನೆಯೂ ಬರುತ್ತದೆ, ಅದಕ್ಕೆ 599 ಅಥವಾ 600 ಕೂಡಿಸಬೇಕು. ಫಲಕದಲ್ಲಿರುವ ಎರಡು ವರ್ಷಗಳು ಹೊಂದುತ್ತಿಲ್ಲ ಎನಿಸಿದರೆ ತಪ್ಪು ಫಲಕದ್ದೆಂದು ತೀರ್ಮಾನಿಸುವ ಮೊದಲು ಗಣನೆ ಯಾವುದೆಂದು ನೋಡಿ.

## ಹಂತ 8: ಮೇಲಿನ ಅಂತಸ್ತು

ಇಲ್ಲಿಗೆ ಬರುವ ಮುನ್ನ ಹೊರಗೆ ಹೋಗಿ ಸ್ವಲ್ಪ ಹೊತ್ತು ಕುಳಿತು ಬರುವುದು ಒಳ್ಳೆಯದು. ಕಲ್ಲಿಗೆ ಹೊಂದಿಕೊಂಡ ಕಣ್ಣು ದಾರದ, ಲೋಹದ, ಕಾಗದದ ಕೆಲಸಕ್ಕೆ ಹೊಂದಿಕೊಳ್ಳಲು ಬಿಡುವು ಬೇಕಾಗುತ್ತದೆ.

ರತ್ನಗಂಬಳಿಗಳಲ್ಲಿ ಇದೇ ಊರಿನ ಹಳೆಯ ಅರಮನೆಯಾದ ಅಸರ್ ಮಹಲಿನಿಂದ ಬಂದವುಗಳನ್ನು ಮೊದಲು ನೋಡಿ. ನಡುವಿನ ಹೂಬಳ್ಳಿಯನ್ನು ಎಲ್ಲರೂ ನೋಡುತ್ತಾರೆ. ನೀವು ಅಂಚು ತಿರುಗುವ ಮೂಲೆಯನ್ನು ನೋಡಿ. ಉದ್ದದ ಅಂಚಿನ ವಿನ್ಯಾಸ ಅಡ್ಡ ಅಂಚಿಗೆ ಸರಾಗವಾಗಿ ತಿರುಗಿದೆಯೋ, ಅರ್ಧಕ್ಕೆ ತುಂಡಾಗಿ ಹೊಸದಾಗಿ ಆರಂಭವಾಗಿದೆಯೋ ಎಂಬುದರಲ್ಲಿ ನೇಯುವ ಮುನ್ನ ಎಷ್ಟು ಲೆಕ್ಕ ಹಾಕಿದ್ದರು ಎಂಬುದು ತಿಳಿಯುತ್ತದೆ. ಬಣ್ಣ ಮಾಸಿದೆಯೆಂದು ಫೋನಿನ ಟಾರ್ಚ್ ಹಚ್ಚಬೇಡಿ. ಸಸ್ಯಜನ್ಯ ಬಣ್ಣಗಳು ಮಾಸುವುದೇ ಬೆಳಕಿನಿಂದ.

ಆಯುಧಗಳ ಮುಂದೆ ಮಕ್ಕಳು ತಾವಾಗಿಯೇ ನಿಲ್ಲುತ್ತಾರೆ. ಅವರಿಗೆ ಸರಪಳಿ ಕವಚದ ಒಂದು ಉಂಗುರವನ್ನು ತೋರಿಸಿ, ಅದು ಅಕ್ಕಪಕ್ಕದ ಎಷ್ಟು ಉಂಗುರಗಳನ್ನು ಹಿಡಿದಿದೆ ಎಂದು ಎಣಿಸಲು ಹೇಳಿ, ಸಾಮಾನ್ಯವಾಗಿ ನಾಲ್ಕು. ಕಠಾರಿಯ ಅಡ್ಡ ಹಿಡಿಯನ್ನು ಮುಷ್ಟಿಯಲ್ಲಿ ಹೇಗೆ ಹಿಡಿಯುತ್ತಿದ್ದರೆಂಬುದು ಅವರಿಗೆ ಕೂಡಲೇ ಹೊಳೆಯುತ್ತದೆ.

ಬಿದರಿ ಸಾಮಾನುಗಳನ್ನು ಫೋನಿನ ಭೂತಗನ್ನಡಿಯಲ್ಲಿ ನೋಡುವುದು ಉತ್ತಮ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿದ ಗೆರೆಗಳಲ್ಲಿ ಬೆಳ್ಳಿ ಕೂಡಿಸಿ, ಬೀದರ ಕೋಟೆಯ ಮಣ್ಣಿನ ದ್ರಾವಣದಲ್ಲಿ ಕಪ್ಪಾಗಿಸುವ ಕೆಲಸವಿದು. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಬೆಳ್ಳಿಯ ತಂತಿ ಕೂರಿಸಿದ ಗೆರೆಗಳಿಗೂ ಬೆಳ್ಳಿಯ ತಗಡು ಕೂರಿಸಿದ ಅಗಲ ಎಸಳುಗಳಿಗೂ ಇರುವ ವ್ಯತ್ಯಾಸವನ್ನು ಬೇರ್ಪಡಿಸಿ ನೋಡಿ. ಬೆಳ್ಳಿ ಉದುರಿದ ಕಡೆ ಖಾಲಿ ಗುಳಿ ಕಾಣಿಸುತ್ತದೆ, ಕೆಲಸದ ಬಗೆ ಅಲ್ಲಿಯೇ ಹೆಚ್ಚು ಸ್ಪಷ್ಟ.

ಪಿಂಗಾಣಿ ಪಾತ್ರೆಗಳನ್ನು ಬೇಗ ದಾಟಬಹುದು. ಹಸಿರು ಮೆರುಗಿನ ತಟ್ಟೆಯಲ್ಲಿ ವಿಷ ಬೆರೆತ ಅಡುಗೆ ಬಡಿಸಿದರೆ ತಟ್ಟೆ ಒಡೆಯುತ್ತದೆಂಬ ನಂಬಿಕೆ ಅಂದಿನ ದೊರೆಗಳಿಗಿತ್ತು, ದೂರದ ಚೀನಾದಿಂದ ಇವನ್ನು ತರಿಸಿಕೊಂಡದ್ದಕ್ಕೆ ಅದೂ ಒಂದು ಕಾರಣ.

ಚಿಕಣಿ ಚಿತ್ರಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದ ಹೆಸರಾಂತ ವಿಜಯಪುರ ಶೈಲಿಯ ಚಿತ್ರಗಳನ್ನು ಅಂತರ್ಜಾಲದಲ್ಲಿ ನೋಡಿ ಅವೇ ಇಲ್ಲಿರುತ್ತವೆಂದು ಬಂದವರು ನಿರಾಶರಾಗುತ್ತಾರೆ. ಅವುಗಳಲ್ಲಿ ಬಹಳಷ್ಟು ಲಂಡನ್, ಡಬ್ಲಿನ್ ಮೊದಲಾದ ಕಡೆ ಇವೆ, ಅಸರ್ ಮಹಲಿನ ಗ್ರಂಥಭಂಡಾರದ ಹಸ್ತಪ್ರತಿಗಳೂ ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿಗೆ ಹೋದವು. ಇಲ್ಲಿ ಉಳಿದಿರುವ ಹಸ್ತಪ್ರತಿಗಳಲ್ಲಿ ಅಂಚುಗೆರೆಯ ಬಂಗಾರ, ಪುಟ ಹೊಲಿದ ಬಗೆ ಮತ್ತು ಅಕ್ಷರಗಳ ಓರಣವನ್ನು ನೋಡಿ. ಫರ್ಮಾನುಗಳಲ್ಲಿ ಮೊಹರು ಎಲ್ಲಿ ಬಿದ್ದಿದೆ, ಪರ್ಷಿಯನ್ ಬರಹದ ಜೊತೆಗೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ಸಾಲುಗಳಿವೆಯೇ ಎಂಬುದನ್ನು ಗಮನಿಸಿ. ಆಡಳಿತದ ಕಾಗದ ಹಳ್ಳಿಯ ಕುಲಕರ್ಣಿಗೂ ಅರ್ಥವಾಗಬೇಕಾಗಿತ್ತು.

## ಹಾದಿ ತಪ್ಪುತ್ತಿರುವುದರ ಲಕ್ಷಣಗಳು

ಐದು ನಿಮಿಷದ ಹಿಂದೆ ನೋಡಿದ ವಸ್ತು ಯಾವುದೆಂದು ಜೊತೆಯವರು ಕೇಳಿದಾಗ ಉತ್ತರ ಹೊಳೆಯದಿದ್ದರೆ ನೋಟ ನಿಂತುಹೋಗಿದೆ, ಕಾಲು ಮಾತ್ರ ನಡೆಯುತ್ತಿದೆ ಎಂದು ತಿಳಿಯಬೇಕು. ಆಗ ಮಾಡಬೇಕಾದದ್ದು ಹಿಂದಿನದಕ್ಕೆ ಮರಳುವುದಲ್ಲ, ಹೊರಗೆ ಬಂದು ಕುಳಿತುಕೊಳ್ಳುವುದು. ಕ್ಯಾಮೆರಾ ವಸ್ತುವಿಗಿಂತ ಫಲಕವನ್ನೇ ಹೆಚ್ಚು ಹಿಡಿಯುತ್ತಿದ್ದರೆ ಅದನ್ನು ಚೀಲದಲ್ಲಿಡಬೇಕು. ಗೈಡ್ ಹೇಳುವ ಮಾತಿನಲ್ಲಿ ಸುರಂಗ, ನಿಧಿ ಮತ್ತು ಪ್ರೇಮಕಥೆಗಳೇ ತುಂಬಿಕೊಂಡು ಎದುರಿನ ಕಲ್ಲಿನ ಬಗ್ಗೆ ಏನೂ ಬರುತ್ತಿಲ್ಲವೆಂದಾದರೆ, ಅವರಿಗೆ ಒಪ್ಪಿದ ಹಣವನ್ನು ಸೌಜನ್ಯದಿಂದ ಕೊಟ್ಟು ಮುಂದಿನದನ್ನು ನೀವೇ ನೋಡುವುದು ಕ್ಷೇಮ.

ಕಲ್ಲನ್ನು ಮುಟ್ಟುವ ಅಭ್ಯಾಸವನ್ನು ವಿಶೇಷವಾಗಿ ಹೇಳಬೇಕಾಗಿದೆ. ದೇವರ ಮೂರ್ತಿ ಕಂಡಾಗ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮವರಿಗೆ ಸಹಜ. ಆದರೆ ಕೈಯ ಜಿಡ್ಡು ಮತ್ತು ಬೆವರು ಸೇರಿ ಕಲ್ಲು ಎಣ್ಣೆಗಪ್ಪಾಗಿ, ಕೆತ್ತನೆಯ ಅಂಚು ಕ್ರಮೇಣ ಸವೆಯುತ್ತದೆ. ದೂರದಿಂದಲೇ ಕೈಮುಗಿಯುವುದರಿಂದ ಭಕ್ತಿಗೆ ಕೊರತೆಯಾಗುವುದಿಲ್ಲ.

## ಹಂತ 9: ಕಲಿತದ್ದನ್ನು ಅದೇ ದಿನ ಪರೀಕ್ಷಿಸಿ

ಸಂಗ್ರಹಾಲಯದಿಂದ ಹನ್ನೆರಡರ ಹೊತ್ತಿಗೆ ಹೊರಬಂದ ಮೇಲೆ ಮತ್ತೊಮ್ಮೆ ಗೋಳಗುಮ್ಮಟದ ದಕ್ಷಿಣ ಬಾಗಿಲಿಗೆ ಹೋಗಿ. ಬಾಗಿಲ ಮೇಲಿನ ಪರ್ಷಿಯನ್ ಶಾಸನದ ಮೂರು ವಾಕ್ಯಗಳಲ್ಲಿ ಅಕ್ಷರಗಳಿಗೆ ನಿಗದಿಯಾದ ಸಂಖ್ಯೆಗಳನ್ನು ಕೂಡಿದರೆ ಮೂರರಲ್ಲಿಯೂ ಹಿಜರಿ 1067 ಬರುತ್ತದೆ, ಅದು ಈ ಗುಮ್ಮಟದಲ್ಲಿ ಸಮಾಧಿಯಾಗಿರುವ ಸುಲ್ತಾನ ಮುಹಮ್ಮದ್ ಆದಿಲ್‌ಶಾಹ ತೀರಿಕೊಂಡ ವರ್ಷ. ನಿಮ್ಮ ಲೆಕ್ಕದಂತೆ 1067ನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ 1657ರ ಹತ್ತಿರ ಬರುತ್ತದೆ. ಸುಲ್ತಾನ ತೀರಿಕೊಂಡದ್ದು 1656ರ ಕೊನೆಯಲ್ಲಿ, ಹಿಜರಿಯ ಆ ವರ್ಷ ಆರಂಭವಾದ ಕೆಲವೇ ದಿನಗಳಲ್ಲಿ. ಈ ಲೆಕ್ಕ ಒಂದು ವರ್ಷದಷ್ಟು ಅತ್ತಿತ್ತ ಆಗುವುದು ಹೀಗೆ.

ಮಧ್ಯಾಹ್ನ ಊಟ ಮುಗಿಸಿ, ಬಿಸಿಲು ಇಳಿದ ಮೇಲೆ ಆಟೋದಲ್ಲಿಯೋ ಟಾಂಗಾದಲ್ಲಿಯೋ ಊರಿನ ಪಶ್ಚಿಮಕ್ಕೆ, ಕೋಟೆಗೋಡೆಯ ಹೊರಗಿರುವ ಇಬ್ರಾಹಿಂ ರೋಜಾಕ್ಕೆ, ಅಂದರೆ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಗೋರಿಗೆ ಹೊರಡಬೇಕು. ಬೆಳಿಗ್ಗೆ ಗಾಜಿನ ಹಿಂದೆಯೂ ಪೀಠದ ಮೇಲೆಯೂ ಬಿಡಿಬಿಡಿಯಾಗಿ ನೋಡಿದ ಉಬ್ಬು ಅಕ್ಷರಗಳು ಅಲ್ಲಿ ಗೋಡೆಯ ತುಂಬ ಇವೆ. ಕಿಟಕಿಗಳ ಜಾಲಂದ್ರಗಳನ್ನೂ ಅರಬ್ಬಿ ಅಕ್ಷರಗಳಿಂದಲೇ ಹೆಣೆದಿದ್ದಾರೆ, ಅಕ್ಷರದ ನಡುವಿನ ಕಲ್ಲನ್ನು ಪೂರ್ತಿ ತೆಗೆದು ಬೆಳಕು ಹಾಯುವಂತೆ ಮಾಡಿದ್ದಾರೆ. ಆರು ಗಂಟೆಗೆ ಮುಚ್ಚುವುದರಿಂದ ನಾಲ್ಕೂವರೆಗೆ ತಡವಾಗದಂತೆ ಅಲ್ಲಿರುವುದು ಒಳ್ಳೆಯದು.

## ಶುಕ್ರವಾರವೇ ಬಂದಿಳಿದಿದ್ದರೆ

ಬೇರೆ ದಾರಿಯಿಲ್ಲದೆ ಶುಕ್ರವಾರವೇ ಊರಿನಲ್ಲಿದ್ದವರು ಬೀಗದ ಮುಂದೆ ಹೊತ್ತು ಕಳೆಯದೆ ಕಾರ್ಯಕ್ರಮವನ್ನು ಬದಲಿಸಿಕೊಳ್ಳಬೇಕು. ಬೆಳಿಗ್ಗೆ ಗುಮ್ಮಟ ಹತ್ತಿ ಇಳಿದು, ಒಳಕೋಟೆಯಲ್ಲಿರುವ ಕರೀಮುದ್ದೀನನ ಮಸೀದಿಗೆ ಹೋಗಿ. 1320ರಲ್ಲಿ ಹಳೆಯ ದೇವಾಲಯದ ಕಂಬಗಳನ್ನು ಬಳಸಿ ಎಬ್ಬಿಸಿದ ಕಟ್ಟಡವಿದು, ಕಟ್ಟಿದವನು ಸಾಲೋಟಗಿಯ ಬಡಗಿ ರೇವಯ್ಯ ಎಂದು ಅಲ್ಲಿಯ ಶಾಸನದಲ್ಲಿದೆ. ನಗಾರಖಾನೆಯ ಕೆಳ ಅಂತಸ್ತಿನಲ್ಲಿ ಅಕ್ಕಪಕ್ಕದಲ್ಲಿ ನಿಲ್ಲಿಸಿರುವ ಎರಡು ಕಾಲಗಳ ಕಲ್ಲುಗಳು ಇಲ್ಲಿ ಒಂದೇ ಚಾವಣಿಯನ್ನು ಹೊತ್ತಿವೆ. ಜಾಮಿಯಾ ಮಸೀದಿಯನ್ನು ಮಾತ್ರ ಅಂದು ಮಧ್ಯಾಹ್ನದ ಪ್ರಾರ್ಥನೆಯ ವೇಳೆ ಬಿಟ್ಟು, ಮೂರರ ನಂತರ ನೋಡಿ. ಶನಿವಾರ ಬೆಳಿಗ್ಗೆ ಹತ್ತೂವರೆಯವರೆಗೆ ಊರಿನಲ್ಲಿ ಉಳಿಯಲು ಸಾಧ್ಯವಾದರೆ ವಸ್ತುಸಂಗ್ರಹಾಲಯದ ಕೆಳ ಅಂತಸ್ತನ್ನಷ್ಟೇ ನೋಡಿ ಹೊರಡಿ, ಮೇಲಿನದನ್ನು ಅವಸರದಲ್ಲಿ ಮುಗಿಸಲು ಹೋಗಬೇಡಿ.